ಸೆಲೆಕ್ಟರ್ ಆರಿಸಿದ ಹರಳು

ನವೆಂಬರ್ 6, 2024, ಬುಧವಾರ

ಹಳೆಯ ನೋಟುಬುಕ್ಕು ತುಂಬಿತ್ತು, ಹೊಸದು ತಂದೆ. ಈಗಿನವರು ಗೆರೆಗಳನ್ನು ಯಾರಿಗೆ ಹೆದರಿ ಇಷ್ಟು ತೆಳುವಾಗಿ ಹಾಕುತ್ತಾರೋ, ಬೆರಳಾಡಿಸಿ ಹುಡುಕಿ ಬರೆಯಬೇಕು. ಅಂಗಡಿಯವನಿಗೆ ಹೇಳಿದರೆ, ಕಂಪನಿಯವರನ್ನು ಕೇಳಿ ಎಂದು ನಕ್ಕ. ದಪ್ಪ ಮೊನೆಯ ಪೆನ್ನನ್ನೂ ಕೊಂಡು ಬಂದೆ.

ಬರೆಯುವಂಥ ಸಂಗತಿ ಇದೆ. ಮಗ ಕೊಟ್ರೇಶನ ನಿಶ್ಚಿತಾರ್ಥ ಇದೇ ಇಪ್ಪತ್ತೆಂಟಕ್ಕೆ. ಹುಡುಗಿ ಮದ್ದಿಕೇರದ ಭುವನಾ. ತಂದೆ ತಾಯಿ ಇಲ್ಲ, ಸೋದರಮಾವ ಸೋಮೇಶನ ಮನೆಯಲ್ಲಿ ಬೆಳೆದವಳು. ನಮ್ಮ ಕಾಲದಲ್ಲಿ ನಿಶ್ಚಯವೆಂದರೆ ಒಂದು ಸೀರೆ, ಎಲೆ ಅಡಿಕೆ, ಉಡಿ ತುಂಬುವುದು. ಈಗ ವಜ್ರದ ಉಂಗುರ ತೊಡಿಸಬೇಕಂತೆ. ಹಾಲಹರವಿಯಲ್ಲಿ ಮೇಷ್ಟ್ರಾಗಿರುವ ಮಗ ತಾನು ಕೂಡಿಟ್ಟ ಎಪ್ಪತ್ತು ಸಾವಿರ ರೂಪಾಯಿ ನನ್ನ ಕೈಗಿಟ್ಟು, "ಹರಳು ನೀನ ಆರಿಸಪ್ಪಾ. ಆದೋನಿಯಾಗ ನಿನ್ನಂಥ ಕಣ್ಣು ಯಾರಿಗೈತಿ" ಅಂದ.

ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಮೂವತ್ತಾರು ವರ್ಷದಿಂದ ಹತ್ತಿ ಮಿಲ್ಲಿನ ಸೆಲೆಕ್ಟರ್ ನಾನು. ಅಂಡಿಗೆಯ ದೊಡ್ಡ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಹತ್ತಿ ತೆಗೆದು, ಉತ್ತರದ ಕಿಟಕಿಯ ಬೆಳಕಿಗೆ ಹಿಡಿದು, ಇದು ಮೊದಲ ದರ್ಜೆ, ಇದು ಮಳೆಯಲ್ಲಿ ನೆಂದು ಹಳದಿಗೆ ತಿರುಗಿದ್ದು ಎಂದು ನಾನು ಅಂದರೆ ಬೆಲೆ ಅಲ್ಲಿಗೆ ನಿಂತಂತೆ. ರೈತರೂ ಬಾಯಿ ತೆಗೆಯುವುದಿಲ್ಲ, ಸಾಹುಕಾರರೂ ತೆಗೆಯುವುದಿಲ್ಲ. ಈ ವರ್ಷ ಮಾತ್ರ ಸಾಹುಕಾರರು ಯಾರದೋ ಮಾತು ಕೇಳಿ ಹತ್ತಿ ಪರೀಕ್ಷೆಯ ಮಷಿನ್ ತರಿಸಿದ್ದಾರೆ. ಅದರ ಮುಂದೆ ನರೇಶ ಎಂಬ ನಲವತ್ತರ ಗಂಡಸು ಕೂತು ಗುಂಡಿ ಒತ್ತುತ್ತಾನೆ. ಅದು ಚೀಟಿ ಉಗುಳುತ್ತದೆ. ಚೀಟಿ ಓದಿ ಹತ್ತಿ ಕೊಳ್ಳುವ ದಿನ ಬಂದರೆ ನಾನು ಆ ಮಿಲ್ಲಿನಲ್ಲಿ ಇರುವುದಿಲ್ಲ.

ನವೆಂಬರ್ 11, ಸೋಮವಾರ

ರಂಗನಾಥನ ಅಂಗಡಿಗೆ ಹೋಗಿದ್ದೆ. ಅವನ ಅಪ್ಪನ ಕಾಲದಿಂದ ನಮ್ಮ ಮನೆಯ ಬಂಗಾರವೆಲ್ಲ ಅಲ್ಲಿಯದೇ. ಕುರ್ಚಿ ಹಾಕಿಸಿ, ಚಹಾ ತರಿಸಿ, ನನಗೆ ಪಾಠ ಹೇಳಲು ಕೂತ. ವಜ್ರಕ್ಕೆ ನಾಲ್ಕು ನೋಡಬೇಕಂತೆ. ತೂಕ, ಕೊರೆದ ರೀತಿ, ಒಳಗಿನ ಕಲೆ, ಬಣ್ಣ. ಬಣ್ಣಕ್ಕೆ ಇಂಗ್ಲಿಷ್ ಅಕ್ಷರಗಳ ದರ್ಜೆ. ಡಿ ಅಂದರೆ ನೀರಿನಂತೆ ಸ್ವಚ್ಛ, ಅಲ್ಲಿಂದ ಕೆಳಗಿಳಿದಂತೆ ಹಳದಿ ಏರುತ್ತ ಹೋಗುತ್ತದೆ. ನಗು ಬಂತು. ಹತ್ತಿಗೂ ತೂಕ, ಎಳೆ, ಕಸ, ಬಣ್ಣ. ಹತ್ತಿಯ ಹಳದಿಯನ್ನು ಹತ್ತು ಮಾರು ದೂರದಿಂದ ಹೇಳುವವನಿಗೆ ಇವನು ಹೇಳುವುದೇನು.

ಬಿಳಿ ಕಾಗದ ಮಡಿಸಿ, ಮಡಿಕೆಯಲ್ಲಿ ಎರಡು ಹರಳುಗಳನ್ನು ತಲೆಕೆಳಗಾಗಿ ಇಟ್ಟ. ಎರಡರ ತೂಕವೂ ಮೂವತ್ತು ಸೆಂಟು. ಕೊರೆದದ್ದೂ ಒಂದೇ ರೀತಿ, ಒಳಗೂ ಎರಡೂ ಸಮ. ಎಡಗಡೆಯದು ಎಫ್, ಅರವತ್ತೆಂಟು ಸಾವಿರ. ಬಲಗಡೆಯದು ಕೆ, ಮೂವತ್ತನಾಲ್ಕು ಸಾವಿರ. ನಾನು ಕಾಗದವನ್ನೆತ್ತಿಕೊಂಡು ನನ್ನ ಪದ್ಧತಿಯಂತೆ ಉತ್ತರದ ಕಿಟಕಿಗೆ ಹೋದೆ. ತಿರುಗಿಸಿ ನೋಡಿದೆ, ಅದಲು ಬದಲು ಮಾಡಿ ನೋಡಿದೆ. ಎರಡೂ ಒಂದೇ ಬಿಳಿ. ಒಂದು ಅಕ್ಷರಕ್ಕೆ ಮೂವತ್ತನಾಲ್ಕು ಸಾವಿರ! ಮಷಿನಿನ ಚೀಟಿ ಇಲ್ಲಿಗೂ ಬಂದಿದೆ.

ಕೆ ಕೊಡು ಅಂದೆ. ಅವನು ತಕ್ಷಣ ಕೊಡಲಿಲ್ಲ. "ಸ್ವಾಮ್ಯಾರ, ಇದು ಹಳದಿ ಐತ್ರಿ. ನಾ ಹೇಳಲಿಲ್ಲ ಅಂತ ಮುಂದ ಅನಬ್ಯಾಡ್ರಿ" ಅಂದ. ಬೇಕೇ ಬೇಕೆಂದರೆ ಹರಳನ್ನು ಸುತ್ತಲೂ ಹಿಡಿಯಲು ಹಳದಿ ಬಂಗಾರದ ಹಲ್ಲು ಹಾಕಿಸಿ, ಬಣ್ಣ ಮುಚ್ಚಿಹೋಗುತ್ತದೆ ಎಂದೂ ಸೇರಿಸಿದ. ಮುಚ್ಚುವಂಥದ್ದು ಇದ್ದರಲ್ಲವೇ ಮುಚ್ಚುವುದು? ಬಿಳಿ ಬಂಗಾರದ ಹಲ್ಲನ್ನೇ ಹಾಕು, ಬಿಳುಪು ಎದ್ದು ಕಾಣಲಿ ಅಂದೆ. ಉಂಗುರಕ್ಕೆ ನನ್ನ ಹೆಂಡತಿ ಗುರುಬಸಮ್ಮನ ಹಳೆಯ ಬೆಂಡೋಲೆ ಕರಗಿಸಲು ಕೊಟ್ಟೆ. ಸರ್ಟಿಫಿಕೇಟು ನೀನೇ ಇಟ್ಟುಕೋ ಎಂದು ಬಿಟ್ಟು ಬಂದೆ.

ಉಳಿದ ಮೂವತ್ತಾರು ಸಾವಿರವನ್ನು ವಿಭೂತಿ ಡಬ್ಬಿಯಲ್ಲಿಟ್ಟು ಬೀರುವಿನಲ್ಲಿ ಸೇರಿಸಿದ್ದೇನೆ. ಮದುವೆಯ ದಿನ ಮಗ ಸೊಸೆಯ ಕೈಗಿಟ್ಟು, ನಿಮ್ಮಪ್ಪನ ಕಣ್ಣಿನ ಸಂಪಾದನೆ ನೋಡಿ ಅನ್ನಬೇಕು. ಅಲ್ಲಿಯ ತನಕ ಬಾಯಿ ಬಿಡುವುದಿಲ್ಲ.

ನವೆಂಬರ್ 17, ಭಾನುವಾರ

ಗುರುಬಸಮ್ಮನ ಕೂಡ ಜಗಳ. ಧೋತರದ ಮೇಲೆ ಅರಿಶಿನದ ಕಲೆ ಇದೆ, ಅದನ್ನೇ ಉಟ್ಟು ಮಠಕ್ಕೆ ಹೋಗಿ ಬಂದಿರಿ ಎಂದು ಅವಳ ಗಲಾಟೆ. ಎಲ್ಲಿದೆ ಎಂದರೆ ಬೆರಳಿಟ್ಟು ತೋರಿಸಿದಳು. ನನಗೇನೂ ಕಾಣಲಿಲ್ಲ. ಮಗನ ಮದುವೆ ಹತ್ತಿರ ಬಂದಂತೆ ಹೆಂಗಸರಿಗೆ ಇಲ್ಲದ್ದೆಲ್ಲ ಕಾಣುತ್ತದೆ.

ಸಂಜೆ ಸ್ಕೂಟರಿನಲ್ಲಿ ಬರುವಾಗ ಎದುರಿನ ಗಾಡಿಗಳ ದೀಪ ಕಣ್ಣಿಗೇ ಹೊಡೆಯಿತು. ಎಂಥ ದೀಪ ಹಾಕಿಸುತ್ತಾರೆ ಈ ಲಾರಿಯವರು. ಎರಡು ಸಲ ಪಕ್ಕಕ್ಕೆ ನಿಲ್ಲಿಸಿಕೊಂಡೆ.

ನವೆಂಬರ್ 28, ಗುರುವಾರ

ನಿಶ್ಚಯ ಚೆನ್ನಾಗಿ ಆಯಿತು. ಮದ್ದಿಕೇರದಲ್ಲಿ ಐವತ್ತು ಜನ ಸೇರಿದ್ದರು. ಕೊಟ್ರೇಶ ಉಂಗುರ ತೊಡಿಸಿದಾಗ ಎಲ್ಲರೂ ಕೇಳುವಂತೆ ನಾನೇ ಹೇಳಿದೆ, "ನೋಡ್ರಿ, ಇದಕ್ಕಿಂತ ಬಿಳಿ ಹರಳು ಆದೋನಿ ಪ್ಯಾಟಿಯಾಗ ಇಲ್ಲ." ಸೋಮೇಶ ಕೈ ಮುಗಿದ. ಭುವನಾ ತಲೆ ಎತ್ತಿ ನನ್ನನ್ನೇ ನೋಡಿ ನಕ್ಕಳು. ಒಳ್ಳೆಯ ಹುಡುಗಿ, ಸುಮ್ಮನೆ ನಾಚುವುದಿಲ್ಲ.

ಒಂದೇ ಒಂದು ಸರಿಬರಲಿಲ್ಲ. ಆ ಮನೆಯ ಹೊಲದಲ್ಲಿ ಆಳಾಗಿದ್ದು ಭುವನಾಳನ್ನು ಎತ್ತಿ ಆಡಿಸಿದ ಹುಸೇನಮ್ಮ ಎಂಬ ಮುದುಕಿ ಇದ್ದಾಳೆ. ಆ ಊರ ಕಡೆ ಮೊದಲ ಮಳೆ ಬಿದ್ದೊಡನೆ ಜನ ಹೊಲಗಳಲ್ಲಿ ಬಗ್ಗಿಕೊಂಡು ವಜ್ರದ ಕಲ್ಲು ಹುಡುಕುವುದು ಎಲ್ಲರಿಗೂ ಗೊತ್ತಿದ್ದದ್ದೇ. ಈಕೆ ಐವತ್ತು ವರ್ಷ ಹುಡುಕಿದವಳಂತೆ, ಮೂರು ಸಲ ಸಿಕ್ಕಿದೆಯಂತೆ. ಹುಡುಗಿಯ ಬೆರಳನ್ನು ಬಾಯಿ ಹತ್ತಿರ ಹಿಡಿದು ಹರಳಿನ ಮೇಲೆ ಹಾ ಎಂದು ಉಸಿರು ಬಿಟ್ಟಳು. ಮಂಜು ಥಟ್ಟನೆ ಹಾರಿತು. ವಜ್ರವೇ ಎಂದು ಖಾತ್ರಿ ಆಯಿತಲ್ಲ, ಅಲ್ಲಿಗೆ ಬಿಡಬೇಕಿತ್ತು. ಹುಡುಗಿಯನ್ನು ಅಂಗಳಕ್ಕೆ ಕರೆದೊಯ್ದು, ಸೆರಗಿನ ನೆರಳು ಮಾಡಿ, ಬಹಳ ಹೊತ್ತು ನೋಡಿದಳು. ಆಮೇಲೆ ಹರಳು ಬಿಟ್ಟು ನನ್ನನ್ನು ನೋಡುತ್ತ ನಿಂತಳು. ಮುದುಕರಿಗೆ ಬೇರೆಯವರ ಒಳ್ಳೆಯದು ಸಹಿಸುವುದು ಕಷ್ಟ.

ಡಿಸೆಂಬರ್ 4, ಬುಧವಾರ

ಕೊಟ್ರೇಶ ಊಟಕ್ಕೆ ಕೂತವನು ಅರ್ಧಕ್ಕೇ ಎದ್ದ. ಒತ್ತಾಯಿಸಿದ ಮೇಲೆ ಹೇಳಿದ. ಸೋಮೇಶ ಉಂಗುರವನ್ನು ಬಳ್ಳಾರಿಗೆ ಒಯ್ದು ತೋರಿಸಿದ್ದಾನೆ. ಹರಳು ಹಳದಿ, ಮೂವತ್ತೈದು ಸಾವಿರದ ಮೇಲೆ ಬಾಳುವುದಿಲ್ಲ ಎಂದು ಅಲ್ಲಿಯವರು ಹೇಳಿದ್ದಾರೆ. ಹರಳಿಗೆ ಎಪ್ಪತ್ತು ಸಾವಿರ ಕೊಟ್ಟಿದ್ದೇನೆಂದು ಈ ಮೂರ್ಖ ಆ ಹುಡುಗಿಗೆ ಮೊದಲೇ ಹೇಳಿಟ್ಟಿದ್ದನಂತೆ. ಉಳಿದದ್ದು ಎಲ್ಲಿ ಹೋಯಿತು ಎಂದು ಸೋಮೇಶನ ಪ್ರಶ್ನೆ.

ಎಲ್ಲಿ ಹೋಯಿತು ಎಂದು ಮಗನೂ ಕೇಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಡಬ್ಬಿ ತಂದು ಅವನ ಮುಂದೆ ಸುರಿಯೋಣವೆಂದು ಎದ್ದೆ, ಆದರೆ ಸುರಿಯಲಿಲ್ಲ. ಈಗ ತೋರಿಸಿದರೆ ಕದ್ದವನು ಸಿಕ್ಕಿಬಿದ್ದು ತೋರಿಸಿದ ಹಾಗೆ. ನನಗೆ ಬಹಳ ನೋವಾಗಿದೆ.

ಡಿಸೆಂಬರ್ 6, ಶುಕ್ರವಾರ

ಸೋಮೇಶ ಮನೆಗೇ ಬಂದ. ಸಿಟ್ಟು ಬಂದರೆ ಅವನಿಗೆ ಕನ್ನಡ ಹೋಗಿ ತೆಲುಗು ಬರುತ್ತದೆ. ನೋಡಿ ಅನ್ನಲು ಚೂಡಂಡಿ, ಚೂಡಂಡಿ ಎಂದು ಉಂಗುರವನ್ನು ನನ್ನ ಮೂಗಿನ ತನಕ ಹಿಡಿದ. ಇಸಕೊಂಡು ಕಿಟಕಿಗೆ ಹೋಗಿ ನೋಡಿದೆ. ಬಿಳಿ. ಅಂಗಡಿಯಲ್ಲಿ ನಾನು ಆರಿಸಿದ ದಿನ ಇದ್ದಷ್ಟೇ ಬಿಳಿ. ಹಾಗೆಂದು ಅವನ ಮುಖದ ಮೇಲೆ ಹೇಳಿದೆ. ಇನ್ನೂ ದೊಡ್ಡ ಉಂಗುರ ಕೀಳುವುದಕ್ಕೆ ಈ ಆಟವೋ ಎಂದೂ ಕೇಳಿಬಿಟ್ಟೆ. ಗುರುಬಸಮ್ಮ ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಯಾರೂ ಕುಡಿಯಲಿಲ್ಲ.

ನೇರ ರಂಗನಾಥನಲ್ಲಿಗೆ ಹೋದೆ. ಬಂದು ನಾಲ್ಕು ಜನರ ಮುಂದೆ ಹರಳು ಬಿಳಿ ಎಂದು ಹೇಳು ಅಂದೆ. ಅವನು ಸರ್ಟಿಫಿಕೇಟು ತೆಗೆದು ಮೇಜಿನ ಮೇಲಿಟ್ಟು, "ನಾ ಆ ದಿನಾನ ಹೇಳಿದ್ದೆನ್ರಿ ಸ್ವಾಮ್ಯಾರ" ಅಂದ. ಗಿರಾಕಿಗಳಿದ್ದರು. ಅವರ ಮುಂದೆಯೇ ಅವನನ್ನು ಕಳ್ಳ ಅಂದೆ. ಅವನ ಅಪ್ಪನನ್ನೂ ಬಿಡಲಿಲ್ಲ. ಅವನು ಸರ್ಟಿಫಿಕೇಟು ಎತ್ತಿ ಒಳಗಿಟ್ಟ. ತಪ್ಪು ಇದ್ದದ್ದಕ್ಕೇ ಸುಮ್ಮನಿದ್ದ.

ಡಿಸೆಂಬರ್ 7

ಮಿಲ್ಲಿಗೆ ಹೋಗಲಿಲ್ಲ.

ಡಿಸೆಂಬರ್ 10, ಮಂಗಳವಾರ

ತುಫಾನಿನ ಮಳೆಗೆ ನೆಂದ ಹತ್ತಿ ಮಾರುಕಟ್ಟೆಗೆ ಬರುತ್ತಿದೆ. ಇಂದು ನಲವತ್ತು ಅಂಡಿಗೆಯ ಒಂದು ಲಾಟನ್ನು ಮೊದಲ ದರ್ಜೆ ಎಂದು ಬರೆದೆ. ಎಳೆ ಉದ್ದವಿತ್ತು, ಕೈಗೆ ಒಣಗಿತ್ತು. ಮಧ್ಯಾಹ್ನ ನೋಡಿದರೆ ಆ ಲಾಟು ಹಳದಿ ಹತ್ತಿಯ ರಾಶಿಗೆ ಸೇರಿದೆ. ಯಾರು ಸೇರಿಸಿದ್ದೆಂದು ಕೂಗಾಡಿದೆ. ನರೇಶ ಎದ್ದು ಬಂದು, ತಾನೇ ಸೇರಿಸಿದ್ದು ಅಂದ. ಮಷಿನ್ ಕೆಟ್ಟಿದೆ ಅಂದೆ. "ಇರಬೌದ್ರಿ" ಅಂದ. ಅವನ ದನಿಯಲ್ಲಿ ಕೊಂಕಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ಕೊಂಕಿರಲಿಲ್ಲ. ಸಾಹುಕಾರರೂ ಅಲ್ಲೇ ಇದ್ದರು, ಫೋನು ನೋಡುತ್ತ ಒಳಗೆ ಹೋದರು.

ಎಲ್ಲರೂ ಸೇರಿ ಏನೋ ನಡೆಸುತ್ತಿದ್ದಾರೆ.

ಡಿಸೆಂಬರ್ 14, ಶನಿವಾರ

ಮದ್ದಿಕೇರದಿಂದ ಹೇಳಿಕೆ ಬಂದಿದೆ. ಸೋಮವಾರ ಉರುಕುಂದದ ಗುಡಿಗೆ ಬರಬೇಕು. ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ, ಈರಣ್ಣ ದೇವರ ಮುಂದೆ ಕರ್ಪೂರದ ಮೇಲೆ ಕೈಯಿಟ್ಟು, ನಾನು ಕೊಟ್ಟ ಹರಳು ಬಿಳಿಯದು ಎಂದು ಆಣೆ ಮಾಡಬೇಕು. ಮಾಡಿದರೆ ಮುಂದೆ ಯಾರೂ ತುಟಿ ಬಿಚ್ಚುವಂತಿಲ್ಲ. ಮಾಡದಿದ್ದರೆ ದುಡ್ಡು ತಿಂದವನು ನಾನು, ಸಂಬಂಧ ಮುರಿದಂತೆ. ತಕ್ಷಣ ಒಪ್ಪಿಕೊಂಡೆ. ಎಂಟು ದಿನದಿಂದ ಇಷ್ಟು ಹಗುರಾಗಿರಲಿಲ್ಲ.

ಆದರೆ ಕೊಟ್ರೇಶ ನನ್ನ ಕಾಲ ಹತ್ತಿರ ಬಂದು ಕೂತ. ಇಪ್ಪತ್ತೊಂಬತ್ತು ವರ್ಷದವನು ಹಾಗೆ ಕೂತದ್ದು ನನಗೆ ನೆನಪಿಲ್ಲ. ಆಣೆ ಮಾಡಬೇಡ ಅಂದ. ಭುವನಾಳೂ ಹರಳು ಹಳದಿ ಎಂದೇ ಹೇಳಿದ್ದಾಳಂತೆ. ನಾನು ಬಿಳಿ ಎಂದು ದೇವರ ಮುಂದೆ ಆಣೆ ಮಾಡಿದರೆ ಅವಳು ಸುಳ್ಳಿ ಆಗುತ್ತಾಳೆ, ದೇವರ ಮುಂದೆ ಸುಳ್ಳಿ ಅನ್ನಿಸಿಕೊಂಡ ಮನೆಗೆ ಅವಳು ಬರುವುದಿಲ್ಲ.

ಅವಳು ಅಷ್ಟಕ್ಕೂ ಏನಂದಳು ಎಂದು ಕೇಳಿದೆ. ಫೋನಿನಲ್ಲಿ ಹೇಳಿದ್ದನ್ನು ಹಾಗೇ ಹೇಳಿದ. "ಹಳದಿ ಇದ್ರೂ ಹಾಕ್ಕೊಂತೀನ್ರಿ. ಬಿಳಿ ಅಂತ ಯಾಕ ಹೇಳಿದ್ರು, ಅದೊಂದು ಕೇಳಿ ಹೇಳ್ರಿ."

ಬಿಳಿ ಇರುವುದಕ್ಕೆ ಬಿಳಿ ಅಂದೆ. ಬೇರೆ ಏನು ಹೇಳಲಿ? ಮಗನ ಸಲುವಾಗಿ ಕಳ್ಳ ಅನ್ನಿಸಿಕೊಳ್ಳಲೋ, ನನ್ನ ಸಲುವಾಗಿ ಮಗನ ಮದುವೆ ಮುರಿಯಲೋ. ಗುರುಬಸಮ್ಮನನ್ನು ಕೇಳಿದರೆ ಅಳುತ್ತಾಳೆ. ಅಕ್ಷರಗಳು ದೊಡ್ಡದಾಗಿ ಬರುತ್ತಿವೆ, ಎರಡು ಪುಟದ ಸಂಗತಿ ಐದು ಪುಟ ಹಿಡಿಯಿತು. ಕೈ ನಡುಗುತ್ತಿರಬೇಕು.

ಡಿಸೆಂಬರ್ 16, ಸೋಮವಾರ

ಸಂಜೆ ಐದಕ್ಕೆ ಮನೆಗೆ ಬಂದೆವು. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಆಣೆ ಮಾಡುವುದೆಂದೇ ನಿಶ್ಚಯಿಸಿ ಹೋಗಿದ್ದೆ. ನಿಜ ಹೇಳುವುದಕ್ಕೆ ಹೆದರಿದರೆ ಮೂವತ್ತಾರು ವರ್ಷ ದುಡಿದದ್ದು ಯಾಕೆ? ತಲೆಯ ಮೇಲೆ ನೀರು ಹೊಯ್ದುಕೊಂಡು ಒದ್ದೆ ಪಂಚೆಯಲ್ಲಿ ನಿಂತೆ. ಸೋಮೇಶ, ಅವರ ಕಡೆಯ ಇಬ್ಬರು ಹಿರಿಯರು, ಭುವನಾ ಎಲ್ಲ ಇದ್ದರು. ಕೊಟ್ರೇಶ ಕಂಬಕ್ಕೆ ಒರಗಿದ್ದ. ಪೂಜಾರಿ ಕರ್ಪೂರ ಹಚ್ಚಲು ಬಗ್ಗಿದಾಗ ಹುಸೇನಮ್ಮ ನಡುವೆ ಬಂದಳು. ಒಂದು ಗಳಿಗೆ ನಿಲ್ಲಿಸು ಎಂದು ಪೂಜಾರಿಗೆ ಹೇಳಿ, ಸೆರಗಿನ ಗಂಟು ಬಿಚ್ಚಿದಳು. ಹೊರಗಿನ ಅಂಗಡಿಯಲ್ಲಿ ಮಾರುವ ದೀಪದ ಬತ್ತಿಗಳು, ಒಂದು ಹಿಡಿ. ಬಿಳಿಯವೂ ಇವೆ, ಹರಕೆಯವರು ಹಚ್ಚುವ ಅರಿಶಿನದ ನೀರಲ್ಲಿ ಅದ್ದಿದವೂ ಇವೆ ಅಂದಳು. ನನ್ನ ಅಂಗೈಗೆ ಸುರಿದಳು.

"ಹತ್ತಿ ನಿನ್ನ ಕಸುಬು. ಬಿಳೀವು ಆರು ಆರಿಸಿ ಕೊಡು ನನ್ನಪ್ಪಾ."

ನನಗೆ ಸಿಟ್ಟು ಬಂತು, ಆದರೆ ಹತ್ತಿ ಕೈಗೆ ಬಂದಿತ್ತು. ಆರಿಸಿದೆ. ಎಲ್ಲವೂ ಬಿಳಿಯೇ ಇದ್ದವು, ಅವಳು ಅರಿಶಿನದವು ಬೆರೆಸುವುದನ್ನೇ ಮರೆತಿದ್ದಾಳೆ ಅಂದುಕೊಂಡೆ. ಆರು ಎಣಿಸಿ ಅವಳ ಕೈಗೆ ಕೊಟ್ಟೆ. ಸೋಮೇಶನ ಮುಖದಲ್ಲಿ ಸಿಟ್ಟು ಹೋಗಿ ಬೇರೆ ಏನೋ ಇತ್ತು. ಕೊಟ್ರೇಶ ಕಂಬದ ಕಡೆಗೆ ಮುಖ ತಿರುಗಿಸಿಕೊಂಡ. ಆಗ ನನಗೆ ಅರ್ಥವಾಯಿತು.

ಎಷ್ಟು ಎಂದು ಕೇಳಿದೆ. ನಾಲ್ಕು ಹಳದಿ ಅಂದಳು.

ಆಮೇಲೆ ನನಗೊಬ್ಬನಿಗೇ ಹೇಳುವಂತೆ ಸಣ್ಣಗೆ ಹೇಳಿದಳು. "ನಂಗೂ ಎರಡು ಮಳಿಗಾಲ ಒಂದು ಕಲ್ಲೂ ಸಿಗಲಿಲ್ಲಪ್ಪಾ. ಹೊಲದಾಗ ಕಲ್ಲು ಮುಗದಾವ ಅಂದ್ಕೊಂಡೆ. ಬಾಜೂಕ ಹುಡುಕೋರಿಗೆಲ್ಲ ಬೈದೆ, ನನ್ನವು ಎತ್ಕೊಂತೀರಿ ಅಂತ. ಕಲ್ಲು ಮುಗದಿರಲಿಲ್ಲ. ಕಣ್ಣಾಗ ಪೊರಿ ಬಂದಿತ್ತು. ತೆಗಿಸಿದ ಮ್ಯಾಲ ಕಂಡವು."

ನಿಶ್ಚಯದ ದಿನ ಹರಳು ಬಿಟ್ಟು ನನ್ನನ್ನು ನೋಡುತ್ತ ನಿಂತದ್ದು ಇದಕ್ಕೇ. ಹಳದಿ ಹರಳನ್ನು ಅಷ್ಟು ಗಟ್ಟಿಯಾಗಿ ಬಿಳಿ ಅನ್ನುವವನು ಸುಳ್ಳನಲ್ಲ ಎಂದು ಅವಳಿಗೆ ಅನ್ನಿಸಿತ್ತಂತೆ. ಸೋಮೇಶನಿಗೆ ಹೇಳಿದರೆ ಕೇಳಲಿಲ್ಲವಂತೆ.

ಪೂಜಾರಿ ಕಡ್ಡಿಪೆಟ್ಟಿಗೆ ಹಿಡಿದು ಕಾಯುತ್ತಿದ್ದ. ಸುಮ್ಮನೆ ಕೆಳಗಿಳಿದು ಬಂದುಬಿಡಬಹುದಿತ್ತು. ಉಳಿದದ್ದನ್ನು ನನ್ನ ಬದಲಿಗೆ ಹುಸೇನಮ್ಮನೇ ಅವರಿಗೆ ಹೇಳಿಕೊಳ್ಳುತ್ತಿದ್ದಳು. ಅಲ್ಲದೆ ಹಿರಿಯರಿಬ್ಬರಲ್ಲಿ ಒಬ್ಬರು ನಮ್ಮ ಮಿಲ್ಲಿಗೆ ಹತ್ತಿ ತರುವವರು. ಇಲ್ಲಿ ಬಾಯಿ ಬಿಟ್ಟರೆ ನಾಳೆ ಆದೋನಿ ಮಾರುಕಟ್ಟೆಯಲ್ಲಿ ನಾನು ಸೆಲೆಕ್ಟರ್ ಅಲ್ಲ. ಬಿಡದಿದ್ದರೆ ಅರ್ಧ ಊರಿಗೆ ನಾನು ಕಳ್ಳನೇ. ಒದ್ದೆ ಬಟ್ಟೆಯಲ್ಲಿ ಚಳಿ ಹತ್ತಿತ್ತು. ಬಾಯಿ ಬಿಟ್ಟೆ.

"ನನ್ನ ಕಣ್ಣು ಹೋಗೈತಿ. ಹರಳು ಹಳದೀನ ಇರಬೇಕು. ಹುಡುಗಿ ಹೇಳಿದ್ದು ಖರೆ."

ಡಬ್ಬಿಯ ಸಂಗತಿಯನ್ನೂ ಹೇಳಿದೆ. ಸೋಮೇಶ ಬಂದು ತನ್ನ ಒಣ ಟವೆಲನ್ನು ನನ್ನ ಹೆಗಲಿಗೆ ಹೊದಿಸಿದ. ಆ ದುಡ್ಡಿಗೆ ಹರಳು ಬದಲಿಸೋಣ ಎಂದು ಅವನೇ ಅಂದ. ಭುವನಾ ಬೇಡವೆಂದಳು. "ಅವರು ಬಿಳೀದಂತ ತಂದಾರ. ನಂಗ ಅಷ್ಟ ಸಾಕು" ಅಂದು ಉಂಗುರವನ್ನು ಸೋಮೇಶನ ಕೈಯಿಂದ ಇಸಕೊಂಡು ಹಾಕಿಕೊಂಡಳು.

ಬರುವಾಗ ಸ್ಕೂಟರನ್ನು ಕೊಟ್ರೇಶ ನಡೆಸಿದ. ನಾನು ಹಿಂದೆ ಕೂತು ಅತ್ತೆ. ಗಾಳಿ ಇತ್ತು, ಅವನಿಗೆ ಕೇಳಿಸಿರಲಾರದು.

ಡಿಸೆಂಬರ್ 18, ಬುಧವಾರ

ಸಾಹುಕಾರರಿಗೆ ನಾನೇ ಹೇಳಿದೆ. ಅವರಿಗೆ ಹೊಸದೇನೂ ಆಗಲಿಲ್ಲ. ದೀಪಾವಳಿಯಿಂದ ನರೇಶ ನನ್ನ ಲಾಟುಗಳನ್ನೆಲ್ಲ ನಾನು ಊಟಕ್ಕೆ ಹೋದಾಗ ಇನ್ನೊಮ್ಮೆ ನೋಡಿ ಸರಿಪಡಿಸುತ್ತಿದ್ದನಂತೆ. ಸ್ವಾಮ್ಯಾರಿಗೆ ಹೇಳಬೇಡಿ ಎಂದು ಅವನೇ ಕೇಳಿಕೊಂಡಿದ್ದನಂತೆ. ಅವನ ಮುಂದೆ ಹೋಗಿ ನಿಂತೆ. ಮಷಿನ್ ಹೇಗೆ ಓಡಿಸುವುದು ತೋರಿಸು ಅಂದೆ. ತೋರಿಸಿದ.

ರಂಗನಾಥನ ಅಂಗಡಿ ಅದಕ್ಕಿಂತ ಕಷ್ಟವಾಯಿತು. ಗಿರಾಕಿಗಳು ಇರುವ ಹೊತ್ತು ನೋಡಿಯೇ ಹೋದೆ. ಬೈದದ್ದು ಎಲ್ಲರ ಮುಂದೆ ಅಲ್ಲವೇ. ಅವನ ಅಪ್ಪನ ಫೋಟೋಕ್ಕೂ ಕೈ ಮುಗಿದೆ. ಚಹಾ ತರಿಸಿದ. ಮೊದಲಿನಂತೆ ಮಾತಾಡಲಿಲ್ಲ, ಅದಕ್ಕೆ ಇನ್ನೂ ದಿನ ಬೇಕು.

ಜನವರಿ 23, 2025, ಗುರುವಾರ

ಬಲಗಣ್ಣಿನ ಪೊರೆಯ ಆಪರೇಷನ್ ಆಗಿ ಒಂಬತ್ತು ದಿನ. ಬರೆಯಬಹುದು ಎಂದು ಡಾಕ್ಟರು ಇಂದು ಹೇಳಿದರು.

ನೋಟುಬುಕ್ಕು ತೆರೆದು ಗಾಬರಿಯಾಯಿತು. ಒಂದೊಂದು ಅಕ್ಷರ ಶೇಂಗಾಕಾಯಿಯಷ್ಟಿದೆ. ಸಾಲುಗಳು ಒಂದರ ಮೇಲೊಂದು ಹತ್ತಿವೆ. ಇದನ್ನು ನಾನು ಬರೆದೆನೇ? ಗೆರೆಗಳು ಇವೆ, ನೀಲಿ ಬಣ್ಣದವು, ಚೆನ್ನಾಗಿಯೇ ಇವೆ. ಕಂಪನಿಯವರದೇನೂ ತಪ್ಪಿಲ್ಲ. ಬೀರುವಿನಲ್ಲಿ ಆ ಧೋತರ ಹುಡುಕಿದೆ. ತೊಡೆಯ ಮೇಲೆ ಅಂಗೈ ಅಗಲ ಅರಿಶಿನ. ಗುರುಬಸಮ್ಮ ನಗಲಿಲ್ಲ, ನಾನೇ ನಕ್ಕೆ.

ಮಧ್ಯಾಹ್ನ ಭುವನಾ ಹುಸೇನಮ್ಮನನ್ನು ಕರೆದುಕೊಂಡು ನೋಡಲು ಬಂದಳು. ಮೋಸಂಬಿ ತಂದಿದ್ದರು. ಉಂಗುರ ತೋರಿಸು ಎಂದೆ. ಕಿಟಕಿಯ ಹತ್ತಿರ ಕೈ ಚಾಚಿ ಕೂತಳು.

ಎಡಗಣ್ಣು ಮುಚ್ಚಿಕೊಂಡು ಹೊಸ ಕಣ್ಣಲ್ಲಿ ನೋಡಿದೆ. ಹಳದಿ. ಕಾಸಿದ ಹಾಲಿನ ಕೆನೆಯಷ್ಟು ಹಳದಿ, ಬಿಳಿ ಬಂಗಾರದ ಹಲ್ಲುಗಳ ನಡುವೆ ಇನ್ನೂ ಎದ್ದು ಕಾಣುತ್ತಿತ್ತು. ರಂಗನಾಥನ ಮಾತು ಕೇಳದೆ ಆ ಹಲ್ಲು ಹಾಕಿಸಿದವನು ನಾನೇ. ನಾಚಿಕೆಯಾಯಿತು. ಆಮೇಲೆ ಬಲಗಣ್ಣು ಮುಚ್ಚಿ, ಆಪರೇಷನ್ ಆಗದ ಎಡಗಣ್ಣಲ್ಲಿ ನೋಡಿದೆ. ಬಿಳಿ. ಆ ದಿನ ಅಂಗಡಿಯ ಕಿಟಕಿಯಲ್ಲಿ ಕಂಡದ್ದು ಇದೇ ಬಿಳಿ. ಸುಳ್ಳು ಹೇಳಿರಲಿಲ್ಲ ನಾನು. ಒಂದು ಕಣ್ಣು, ಇನ್ನೊಂದು ಕಣ್ಣು, ಹೀಗೆ ಎಷ್ಟು ಸಲ ಮಾಡಿದೆನೋ. ಏನು ಮಾಡುತ್ತಿದ್ದೀರಿ ಎಂದು ಭುವನಾ ಕೇಳಿದಳು. ಹೇಳಿದೆ. ಅವಳು ಕೈ ಹಿಂತೆಗೆದುಕೊಳ್ಳದೆ ಹಾಗೇ ಕೂತಳು.

ಎಡಗಣ್ಣಿನ ಆಪರೇಷನ್ ಫೆಬ್ರವರಿ ಹನ್ನೆರಡಕ್ಕೆ. ಹನ್ನೊಂದನೇ ತಾರೀಖು ಆ ಉಂಗುರ ಹಾಕಿಕೊಂಡು ಒಂದು ಗಳಿಗೆ ಬಂದು ಹೋಗು ಎಂದು ಹೇಳಿದ್ದೇನೆ. ಬರುತ್ತೇನೆ ಅಂದಿದ್ದಾಳೆ.